ಪೇಟೆಂಟು ಪತ್ರಗಳಲ್ಲಿ ವಿವರಣವಿಧಿ

ಪೇಟೆಂಟು ಎಂಬ ಪದವು ಇಂದು ಕನ್ನಡಿಗರ ಬಾಯಲ್ಲಿ ಧಾರಾಳವಾಗಿ ಓಡಾಡುತ್ತಿದ್ದರೂ ಅದರ ಮೂಲಾರ್ಥವನ್ನು ವಿಚಾರಿಸಿದವರು ವಿರಳ. ಔಷಧದ ಶೀಶೆಯ ಮೇಲೆಯೋ ಯಂತ್ರದ ಬೆನ್ನಿನ ಮೇಲೆಯೋ ಈ ಮಾತನ್ನು ಕಂಡವರು, ಒಳಗೆ ಇರುವುದು ಹೊರಗೆಡಹಬಾರದ ಗುಟ್ಟೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಪದದ ಅರ್ಥವಾದರೋ ಇದಕ್ಕೆ ನೇರವಾಗಿ ವಿರುದ್ಧವಾದುದು. ಲ್ಯಾಟಿನ್ ಭಾಷೆಯಲ್ಲಿ ಇದರ ಮೂಲರೂಪಕ್ಕೆ ತೆರೆದಿರುವುದು ಎಂದರ್ಥ. ಇಂಗ್ಲೆಂಡಿನ ದೊರೆಗಳು ಬರೆಯಿಸುತ್ತಿದ್ದ ಓಲೆಗಳಲ್ಲಿ ಎರಡು ಬಗೆಗಳಿದ್ದುವು. ಮಡಿಸಿ ಮುದ್ರೆಯೊತ್ತಿ, ಮುದ್ರೆಯನ್ನೊಡೆಯದೆ ಓದಲಾಗದಂತೆ ಒಬ್ಬನಿಗೇ ಕಳುಹಿಸಿದವು ಮುಚ್ಚಿದ ಓಲೆಗಳು. ಮುದ್ರೆಯನ್ನು ಪತ್ರದ ಕೆಳಗೆ ತೂಗಬಿಟ್ಟು, ಯಾರು ಬೇಕಾದರೂ ಓದಿಕೊಳ್ಳಲೆಂದು ಬಿಡಿಸಿಟ್ಟವು ತೆರೆದ ಓಲೆಗಳು. ಪದವಿ, ಭೂಮಿ, ವ್ಯಾಪಾರದ ಹಕ್ಕು ಮೊದಲಾದುವನ್ನು ದಯಪಾಲಿಸುವಾಗ ಎರಡನೆಯ ಬಗೆಯ ಓಲೆಯೇ ಹೊರಡುತ್ತಿತ್ತು. ಹೊಸ ವಸ್ತುವನ್ನು ಕಲ್ಪಿಸಿದವನಿಗೆ ಕೊಡುವ ಸನ್ನದೂ ಇವುಗಳಲ್ಲೊಂದಾದುದರಿಂದ ಅದಕ್ಕೆ ಈ ಹೆಸರು ನಿಂತಿತು. ಆದರೆ ಮೊದಮೊದಲು ತೆರೆದಿದ್ದುದು ದೊರೆಯ ಓಲೆಯು ಮಾತ್ರ, ಕಲ್ಪಿಸಿದವನ ವಿದ್ಯೆಯಲ್ಲ. ಓಲೆಯಂತೆಯೇ ವಿದ್ಯೆಯೂ ತೆರೆದಿರಬೇಕೆಂಬ ವಿಧಿಯು ಹೇಗೆ ಹುಟ್ಟಿತು, ಅದರ ಅಂಗಗಳಾವುವು, ಅದು ಎಲ್ಲೆಲ್ಲಿ ಕುಂಟುತ್ತದೆ ಎಂಬುದೇ ಪ್ರಕೃತ ವಿಚಾರ. ವಿಷಯವು ನ್ಯಾಯಾಲಯಕ್ಕೆ ಸೇರಿದ್ದೆಂದು ಸಾಹಿತ್ಯದ ಅಧ್ಯಾಪಕರು ಉದಾಸೀನರಾಗಬೇಕಾದುದಿಲ್ಲ. ಒಂದು ಬರಹವು ತಾನು ಬೋಧಿಸುತ್ತೇನೆಂದು ಹೇಳಿದುದನ್ನು ನಿಜವಾಗಿ ಬೋಧಿಸುತ್ತದೆಯೇ, ಬೋಧಿಸುವುದಾದರೆ ಯಾರಿಗೆ, ಎಂಬ ಪ್ರಶ್ನೆಯೇ ಇಲ್ಲಿ ಆದ್ಯಂತವಾಗಿ ನಡೆಯುವುದು.

ಪರಿಭಾಷೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. ಇದುವರೆಗೆ ಇಲ್ಲದ ವಸ್ತುವನ್ನಾಗಲಿ ವಿಧಾನವನ್ನಾಗಲಿ ಮೊದಲು ಕಂಡುಕೊಂಡುದಕ್ಕೆ ಉಪಜ್ಞೆಯೆಂಬ ಸಂಸ್ಕೃತಪದವು ಕನ್ನಡದಲ್ಲಿ ರೂಢವಾಗಿದೆ. ಇದು ಹೊಸದಾಗಿ ಟಂಕಿಸಿದ ಮಾತಲ್ಲ. ಪಾಣಿನಿಯೇ ಈ ಪದವನ್ನು ಸಮಾಸಪ್ರಕರಣದಲ್ಲಿ ಗ್ರಹಿಸಿದ್ದಾನೆ. ಒಂದು ವಿದ್ಯೆಯನ್ನು ಉಪದೇಶವಿಲ್ಲದೆ ತಾನೇ ಮೊದಲು ಅರಿತವನಿಗೆ ಆ ವಿದ್ಯೆಯು ಉಪಜ್ಞೆಯೆಂದು ವೈಯಾಕರಣರು ವಿವರಿಸುತ್ತಾರೆ. ಅರ್ಜಿಯೊಡನೆ ಒಪ್ಪಿಸುವ ವಿಸ್ತಾರವಾದ ಬರಹವನ್ನು ಇಲ್ಲಿ ವಿವರಣಪತ್ರವೆಂದೂ, ಅದರ ಕಡೆಯಲ್ಲಿ ‘ಇಷ್ಟು ನನ್ನದು’ ಎಂದು ಎಲ್ಲೆ ಹಾಕುವ ವಾಕ್ಯಗಳನ್ನು ಹಕ್ಕುವಾಕ್ಯಗಳೆಂದೂ ಕರೆಯಲಾಗಿದೆ.

ವಿದ್ಯೆಯನ್ನು ಮುಚ್ಚಿಟ್ಟರೆ ಆಗುವುದೇನೆಂಬುದಕ್ಕೆ ಚೇಂಬರ್‌ಲೆನ್ ಮನೆತನದ ಚರಿತ್ರೆಗಿಂತ ಕಠೋರವಾದ ನಿದರ್ಶನವು ದೊರೆಯದು. ೧೬ನೆಯ ಶತಮಾನದಲ್ಲಿ ಮತೀಯ ಹಿಂಸೆಗೆ ಹೆದರಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಓಡಿಬಂದ ಈ ಮನೆತನದವರು ಹೆರಿಗೆಯ ವೈದ್ಯರು. ಹೊರಬರಲಾರದ ಶಿಶುವನ್ನು ಜೀವಸಹಿತ ಹೊರತೆಗೆಯುವ ಇಕ್ಕುಳವನ್ನು ಇವರು ಕಂಡುಕೊಂಡರು. ಅದರ ಎರಡು ಅಲಗುಗಳನ್ನು ಬೇರೆಬೇರೆಯಾಗಿ ಒಳಗೆ ಸೇರಿಸಿ ಬಳಿಕ ಒಂದಕ್ಕೊಂದು ಜೋಡಿಸುವುದೇ ಅದರ ಮರ್ಮ. ಈ ಮರ್ಮವನ್ನು ಅವರು ನಾಲ್ಕಾರು ತಲೆಮಾರುಗಳವರೆಗೆ, ಒಂದು ನೂರು ವರ್ಷಕ್ಕೂ ಮಿಗಿಲಾಗಿ, ಮನೆಯ ಹೊರಕ್ಕೆ ಬಿಡಲಿಲ್ಲ. ಉಪಕರಣವನ್ನು ದೊಡ್ಡ ಪೆಟ್ಟಿಗೆಯಲ್ಲಿ ಮುಚ್ಚಿ ತರುತ್ತಿದ್ದರೆಂದೂ ಪ್ರಸವಿಸುವ ತಾಯಿಯ ಕಣ್ಣಿಗೂ ಬಟ್ಟೆ ಕಟ್ಟುತ್ತಿದ್ದರೆಂದೂ ಐತಿಹ್ಯವಿದೆ. ೧೬೭೦ರಲ್ಲಿ ಈ ಮನೆತನದ ಹ್ಯೂ ಎಂಬವನು ಪ್ಯಾರಿಸ್ ನಗರಕ್ಕೆ ಹೋಗಿ ಗುಟ್ಟನ್ನು ಮಾರಲು ಯತ್ನಿಸಿದನು, ಪರೀಕ್ಷಾರ್ಥವಾಗಿ ಒಪ್ಪಿಸಿದ ರೋಗಿಣಿಯಲ್ಲಿ ಅವನ ಪ್ರಯತ್ನವು ವಿಫಲವಾಗಿ ಆಕೆಯು ತೀರಿಕೊಂಡಳು, ವ್ಯಾಪಾರವು ಮುರಿದುಬಿತ್ತು. ೧೮ನೆಯ ಶತಮಾನದ ಮೂವತ್ತರ ದಶಕದಲ್ಲಿ ಬೇರೆ ವೈದ್ಯರು ಇಂತಹ ಇಕ್ಕುಳದ ವಿಷಯವನ್ನು ಅಚ್ಚುಮಾಡಿದ ಮೇಲೆಯೇ ಅದು ಸರ್ವರ ಸ್ವತ್ತಾಯಿತು. ೧೮೧೩ರಲ್ಲಿ ಎಸೆಕ್ಸ್ ಪ್ರಾಂತದಲ್ಲಿ ಆ ಮನೆತನದವರು ಹಿಂದೆ ವಾಸಿಸುತ್ತಿದ್ದ ಮನೆಯೊಂದರ ನೆಲಹಲಗೆಯ ಕೆಳಗೆ ಆ ಹಳೆಯ ಉಪಕರಣಗಳು ಸಿಕ್ಕಿದುವು. ಆ ನಡುವಣ ಕಾಲದಲ್ಲಿ ಸತ್ತ ತಾಯಂದಿರ ಲೆಕ್ಕವನ್ನು ಯಾರೂ ಇಡಲಿಲ್ಲ.

ನಮ್ಮಲ್ಲಿಯೂ ರಸಶಾಸ್ತ್ರದ ಮತ್ತು ತಂತ್ರಶಾಸ್ತ್ರದ ಗ್ರಂಥಗಳು ಗೋಪನವನ್ನು ಒಂದು ಧರ್ಮವೆಂಬಂತೆ ವಿಧಿಸಿವೆ. ಅನಧಿಕಾರಿಯ ಕೈಗೆ ಪಾದರಸವನ್ನು ಕೊಟ್ಟರೆ ಅನರ್ಥವಾದೀತೆಂಬ ಭಯವು ಅದಕ್ಕೆ ಒಂದು ಕಾರಣ. ಅದು ಅಸಂಗತವೂ ಅಲ್ಲ. ಆದರೆ ಶಿಷ್ಯನಿಲ್ಲದೆ ಗುರುವು ತೀರಿಕೊಂಡಲ್ಲಿ ಗ್ರಂಥದ ಮಾತು ಉಳಿದು ಕೈಯ ಕೆಲಸವು ಅಳಿದುಹೋಗುತ್ತದೆಂಬುದನ್ನು ಈ ಗ್ರಂಥಗಳನ್ನು ಪಾಠ ಹೇಳಿದವರೆಲ್ಲರೂ ಬಲ್ಲರು.

ಕಲ್ಪಿಸಿದವನಿಗೆ ಕೆಲವು ವರ್ಷಗಳ ಏಕಸ್ವಾಮ್ಯವನ್ನು ಕೊಟ್ಟು ವಿದ್ಯೆಯನ್ನು ನಾಡಿಗೆ ಪಡೆಯಬೇಕೆಂಬ ಯೋಚನೆಯು ಶಾಸನದ ರೂಪದಲ್ಲಿ ವೆನಿಸ್ ನಗರರಾಜ್ಯದಲ್ಲಿ ೧೪೭೪ರಲ್ಲಿ ಕಾಣುತ್ತದೆ. ಅಲ್ಲಿ ಅವಧಿಯು ೧೦ ವರ್ಷ; ವಸ್ತುವು ಬಳಸಲು ಯೋಗ್ಯವಾಗುವಷ್ಟು ಪೂರ್ಣವಾಗಿರಬೇಕೆಂದು ವಿಧಿಸಿದ್ದರು. ಇಂಗ್ಲೆಂಡಿನ ೧೬೨೪ರ ಏಕಸ್ವಾಮ್ಯಶಾಸನವು ಹೊಸ ಉಪಜ್ಞೆಗಳಿಗೆ ೧೪ ವರ್ಷಗಳನ್ನು ಗೊತ್ತುಮಾಡಿತು. ಕಸುಬನ್ನು ಕಲಿಯುವ ಹುಡುಗನು ಒಡೆಯನ ಬಳಿ ೭ ವರ್ಷ ದುಡಿಯುವುದು ಅಂದಿನ ಪದ್ಧತಿ. ಹದಿನಾಲ್ಕೆಂದರೆ ಇಂತಹ ಎರಡು ಸರದಿಯ ಶಿಷ್ಯರು ಕಲಿತು ಹೊರಡುವ ಕಾಲ. ಅಂದರೆ ಆಗ ವಿದ್ಯೆಯ ಪ್ರಕಟನೆಯು ಬರಹದಿಂದಲ್ಲ, ಮನುಷ್ಯರಿಂದ ನಡೆಯುತ್ತಿತ್ತು. ಗುರುಮುಖದಿಂದ ಗ್ರಂಥಕ್ಕೆ ವಿದ್ಯೆಯು ಸಾಗಿದ ಈ ಘಟ್ಟವೇ ಇಲ್ಲಿ ಮುಖ್ಯವಾದುದು. ೧೭೧೧ರಲ್ಲಿ ಜಾನ್ ನೇಸ್ಮಿತ್ ಎಂಬವನು ಸಕ್ಕರೆ ಕಾಕಂಬಿಗಳನ್ನು ಹುಳಿಸುವ ಒಂದು ಕ್ರಮಕ್ಕೆ ಸನ್ನದನ್ನು ಬೇಡಿದಾಗ, ಸನ್ನದು ಕೈಗೆ ಬರುವ ಮುನ್ನ ಗುಟ್ಟನ್ನು ಹೇಳಲು ಒಪ್ಪದೆ, ಬಂದ ಮೇಲೆ ಗೊತ್ತಾದ ಅವಧಿಯೊಳಗೆ ಬರೆದು ಒಪ್ಪಿಸುತ್ತೇನೆಂದು ಕರಾರು ಮಾಡಿದನು. ವಿವರಣಪತ್ರದ ಆದಿಯನ್ನು ಇಲ್ಲಿಂದ ಹೇಳುವುದು ವಾಡಿಕೆ. ಸಾರ್ವಜನಿಕರ ಬೋಧೆಗಾಗಿ ಹುಟ್ಟಿತೆಂದು ಈಗ ಹೊಗಳಲ್ಪಡುವ ಪತ್ರವು ಮೊದಲಲ್ಲಿ ಒಬ್ಬ ಅರ್ಜಿದಾರನ ಅನುಕೂಲಕ್ಕಾಗಿ ಹುಟ್ಟಿತೆಂಬುದು ಕೌತುಕಾಸ್ಪದವಾಗಿದೆ.

ಆ ಪತ್ರಕ್ಕೆ ಬೋಧಕತ್ವವನ್ನು ಧರ್ಮವೆಂದು ನಿಲ್ಲಿಸಿದವನು ನ್ಯಾಯಾಧೀಶನಾದ ಮ್ಯಾನ್ಸ್‌ಫೀಲ್ಡ್ ಪ್ರಭು. ಗೋಡೆಗೆ ಬಳಿಯುವ ಒಂದು ಗಾರೆಯ ವಿಷಯವಾಗಿ ೧೭೭೮ರಲ್ಲಿ ನಡೆದ ವ್ಯಾಜ್ಯದಲ್ಲಿ, ಅವಧಿ ಮುಗಿದ ಮೇಲೆ ಇತರರು ಆ ಕೆಲಸವನ್ನು ಮಾಡಲು ಕಲಿಯಬೇಕೆಂಬುದೇ ಈ ಬರಹದ ಪ್ರಯೋಜನವೆಂದೂ, ಬರಹವು ಸುಳ್ಳಾದರೆ ಸನ್ನದೇ ವ್ಯರ್ಥವೆಂದೂ ಆತನು ಪಂಚಾಯಿತರಿಗೆ ತಿಳಿಯಹೇಳಿದನು. ಏಳು ವರ್ಷ ಕಳೆಯುವಷ್ಟರಲ್ಲಿ ಈ ಮಾತು ಇಂಗ್ಲೆಂಡಿನ ಅತ್ಯಂತ ಧನಿಕನಾದ ಗಿರಣಿಯೊಡೆಯರಲ್ಲಿ ಒಬ್ಬನ ಮೇಲೆ ಬಿತ್ತು. ರಿಚರ್ಡ್ ಆರ್ಕ್‌ರೈಟನು ಹತ್ತಿಯನ್ನು ಹಿಂಜಿ ನೂಲಿಗೆ ಅಣಿಮಾಡುವ ಯಂತ್ರಗಳಿಗೆ ೧೭೭೫ರಲ್ಲಿ ಪೇಟೆಂಟನ್ನು ಪಡೆದಿದ್ದನು. ಅವನ ವಿವರಣಪತ್ರದಲ್ಲಿ ಹತ್ತು ಅಂಗಗಳು ಹೇಳಲ್ಪಟ್ಟಿದ್ದುವು. ಮೊದಲನೆಯದು ಒಂದು ಬಡಿಯುವ ಸುತ್ತಿಗೆ. ಹತ್ತಿಯ ಕೆಲಸದಲ್ಲಿ ಅದರ ಬಳಕೆಯೇ ಇರಲಿಲ್ಲ. ನಿಜವಾಗಿ ಬೇಕಾದ ಅಂಗಗಳು ಒಂದಕ್ಕೊಂದು ಹೇಗೆ ಕೂಡುತ್ತವೆಂಬುದು ಬರಹದಿಂದ ತಿಳಿಯುತ್ತಿರಲಿಲ್ಲ. ಹೊರದೇಶದವರು ಕಲಿತುಬಿಟ್ಟಾರೆಂದು ಬೇಕೆಂದೇ ಹಾಗೆ ಬರೆದುದಾಗಿ ೧೭೮೨ರಲ್ಲಿ ಅವನ ಪಕ್ಷದಿಂದ ಪ್ರಕಟವಾದ ವಿಜ್ಞಾಪನೆಯಲ್ಲಿ ಒಪ್ಪಿಕೊಂಡಿದ್ದನು. ೧೭೮೫ರ ಫೆಬ್ರುವರಿಯ ವಿಚಾರಣೆಯಲ್ಲಿ ಜೇಮ್ಸ್ ವಾಟನೇ ಸಾಕ್ಷಿಗೆ ನಿಂತು, ಆ ಪತ್ರದ ಆಧಾರದಿಂದ ಯಂತ್ರವನ್ನು ಮಾಡಬಹುದೆಂದು ನುಡಿದನು, ಆರ್ಕ್‌ರೈಟನು ಗೆದ್ದನು. ಅದೇ ವರ್ಷದ ಜೂನ್ ತಿಂಗಳ ವಿಚಾರಣೆಯಲ್ಲಿ ನ್ಯಾಯಾಧೀಶ ಬುಲ್ಲರನು ಹಿಡಿದ ಅಳತೆಗೋಲು ಬೇರೆಯಾಗಿತ್ತು: ಕಸುಬನ್ನು ಬಲ್ಲವನು ತನ್ನ ಕಡೆಯಿಂದ ಹೊಸ ಕಲ್ಪನೆಯೊಂದನ್ನೂ ಸೇರಿಸದೆ ಬರಹವನ್ನು ನೋಡಿಯೇ ವಸ್ತುವನ್ನು ಮಾಡುವಂತಿರಬೇಕು. ಪೇಟೆಂಟು ರದ್ದಾಯಿತು.

ವಾಟನ ಸಾಕ್ಷ್ಯವು ನಿಃಸ್ವಾರ್ಥವಾದುದೆಂದು ಎಣಿಸಲಾಗದು. ಆವಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ಅವನ ಪ್ರಸಿದ್ಧವಾದ ೧೭೬೯ರ ಪೇಟೆಂಟಿನಲ್ಲಿ ಒಂದು ಚಿತ್ರವೂ ಇರಲಿಲ್ಲ; ಅದು ಬಹುಮಟ್ಟಿಗೆ ತತ್ತ್ವಗಳ ಸಂಗ್ರಹವಾಗಿತ್ತು. ಪಾರ್ಲಿಮೆಂಟು ೧೭೭೫ರಲ್ಲಿ ಪ್ರತ್ಯೇಕ ಶಾಸನದಿಂದ ಅದರ ಅವಧಿಯನ್ನು ೧೮೦೦ರ ವರೆಗೆ ಬೆಳೆಸಿದುದರಿಂದ ಪಣವು ದೊಡ್ಡದಾಗಿತ್ತು. ೧೭೯೫ರಲ್ಲಿ ಒಂದು ನ್ಯಾಯಸ್ಥಾನದ ನಾಲ್ವರು ನ್ಯಾಯಾಧೀಶರು ಈ ವಿವರಣೆಯ ವಿಷಯದಲ್ಲಿ ಇಬ್ಬಿಬ್ಬರಾಗಿ ಸೀಳಿದರು. ೧೭೯೯ರಲ್ಲಿ ಇನ್ನೊಂದು ನ್ಯಾಯಸ್ಥಾನವು ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಅವಧಿಯು ಮುಗಿಯಲು ಒಂದೇ ವರ್ಷ ಉಳಿದಿತ್ತು. ಆರ್ಕ್‌ರೈಟನಿಗೆ ಒಂದು ನ್ಯಾಯ, ವಾಟನಿಗೆ ಒಂದು ನ್ಯಾಯವೆಂಬ ಆಕ್ಷೇಪಕ್ಕೆ ಸಮಾಧಾನವು ಸುಲಭವಲ್ಲ.

ಭಾರತಕ್ಕೆ ಈ ವಿಧಿಯು ೧೮೫೬ರ ೬ನೆಯ ಆಕ್ಟಿನ ಮೂಲಕ ಬಂದಿತು. ಅದರ ಕೆಳಗೆ ಮೊದಲು ಅರ್ಜಿಯನ್ನೊಪ್ಪಿಸಿದವನು ಕಲ್ಕತ್ತೆಯ ಇಂಜಿನಿಯರಾದ ಜಾರ್ಜ್ ಆಲ್‌ಫ್ರೆಡ್ ಡಿಪೆನಿಂಗ್ ಎಂಬವನು. ವಿಷಯವು ತೂಗುಬೀಸಣಿಗೆಯನ್ನು, ಅಂದರೆ ಪಂಖವನ್ನು, ಎಳೆಯುವ ಯಂತ್ರ. ಬೇಸಗೆಯ ಬೇಗೆಯಲ್ಲಿ ಹುಟ್ಟಿದ ಶಾಸನಕ್ಕೆ ಇದಕ್ಕಿಂತ ತಕ್ಕ ಮಂಗಳಾಚರಣೆಯಿಲ್ಲ. ಆಳುವ ರಾಣಿಯ ಅನುಮತಿಯನ್ನು ಮುಂಚಿತವಾಗಿ ಪಡೆಯಲಿಲ್ಲವೆಂದು ಆ ಆಕ್ಟು ೧೮೫೭ರಲ್ಲಿ ರದ್ದಾಗಿ ೧೮೫೯ರಲ್ಲಿ ಬೇರೆ ರೂಪದಿಂದ ಮರಳಿ ಬಂದಿತು. ೧೯೧೧ರ ಆಕ್ಟು ಸ್ವಾತಂತ್ರ್ಯಾನಂತರವೂ ನಡೆಯುತ್ತಿತ್ತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ಯರು ೧೯೫೯ರಲ್ಲಿ ಒಪ್ಪಿಸಿದ ವಿಚಾರಪೂರ್ಣವಾದ ವರದಿಯನ್ನು ಆಧರಿಸಿ ೧೯೭೦ರ ಪೇಟೆಂಟು ಶಾಸನವು ರಚಿತವಾಗಿ ೧೯೭೨ರಲ್ಲಿ ಜಾರಿಗೆ ಬಂದಿತು. ಅನೇಕ ತಿದ್ದುಪಡಿಗಳೊಡನೆ ಈಗ ನಡೆಯುತ್ತಿರುವುದು ಇದೇ. ಇದರ ೧೦ನೆಯ ಪ್ರಕರಣವು ವಿವರಣವಿಧಿಯ ಮೂಲಸ್ಥಾನ. ಉಪಜ್ಞೆಯನ್ನೂ ಅದರ ಉಪಯೋಗವನ್ನೂ ಅದನ್ನು ನಡೆಯಿಸುವ ಕ್ರಮವನ್ನೂ ಪೂರ್ಣವಾಗಿಯೂ ವಿಶೇಷವಾಗಿಯೂ ವರ್ಣಿಸಬೇಕು; ಅರ್ಜಿದಾರನಿಗೆ ತಿಳಿದಿರುವ ಕ್ರಮಗಳಲ್ಲಿ ಅತ್ಯುತ್ತಮವಾದುದನ್ನು ಹೇಳಬೇಕು; ಕಡೆಯಲ್ಲಿ ಹಕ್ಕುವಾಕ್ಯಗಳಿರಬೇಕು; ಆ ವಾಕ್ಯಗಳು ಸ್ಪಷ್ಟವೂ ಸಂಕ್ಷಿಪ್ತವೂ ಆಗಿದ್ದು ಮೇಲೆ ಹೇಳಿದ ವರ್ಣನೆಯಲ್ಲಿ ನ್ಯಾಯವಾಗಿ ನೆಲೆಗೊಂಡಿರಬೇಕು. ಇದಕ್ಕೆ ಪ್ರತಿಫಲವಾಗಿ ದೊರೆಯುವುದು ಅರ್ಜಿಯ ದಿನದಿಂದ ೨೦ ವರ್ಷಗಳ ಏಕಸ್ವಾಮ್ಯ.

ಹಕ್ಕುವಾಕ್ಯವು ಸೂತ್ರದಂತೆಯೂ ವರ್ಣನೆಯು ಭಾಷ್ಯದಂತೆಯೂ ಇವೆಯೆಂದರೆ ಶಾಸ್ತ್ರಪರಿಚಯವಿರುವವರಿಗೆ ತಟ್ಟನೆ ಅರ್ಥವಾಗುತ್ತದೆ. ಭೇದವೊಂದೇ: ಶಾಸ್ತ್ರಗಳಲ್ಲಿ ಭಾಷ್ಯವು ಸೂತ್ರವನ್ನು ಅನುಸರಿಸುತ್ತದೆ, ಇಲ್ಲಿ ಸೂತ್ರವೇ ಭಾಷ್ಯದಲ್ಲಿ ಬೇರೂರಿರಬೇಕು. ಭಾಷ್ಯದಲ್ಲಿಲ್ಲದುದನ್ನು ಸೂತ್ರವು ಬಾಚಿಕೊಂಡರೆ ಅದು ಬೀಳುತ್ತದೆ.

ಯಾರಿಗಾಗಿ ಈ ವರ್ಣನೆ ಎಂಬ ಅಧಿಕಾರಿವಿಚಾರವನ್ನು ಶಾಸನವು ೬೪ನೆಯ ಪ್ರಕರಣದಲ್ಲಿ ಸ್ಪಷ್ಟಪಡಿಸುತ್ತದೆ. ಆಯಾ ಕಲೆಯಲ್ಲಿ ಸಾಧಾರಣವಾದ ನೈಪುಣ್ಯವೂ ಸಾಧಾರಣವಾದ ಜ್ಞಾನವೂ ಉಳ್ಳ, ಭಾರತದಲ್ಲಿರುವ ಒಬ್ಬನು ಆ ಬರಹದ ಬಲದಿಂದಲೇ ಉಪಜ್ಞೆಯನ್ನು ನಡೆಯಿಸಲಾರದೆ ಹೋದರೆ ಪೇಟೆಂಟನ್ನು ರದ್ದುಮಾಡಬಹುದು. ಇವನು ಕಲ್ಪಿತವ್ಯಕ್ತಿ. ಪ್ರತಿಭಾಶಾಲಿಯೂ ಅಲ್ಲ, ಮಂದನೂ ಅಲ್ಲ. ಆಲಂಕಾರಿಕರ ಸಹೃದಯನಂತೆ ಎಲ್ಲಿಯೂ ಪ್ರತ್ಯಕ್ಷವಾಗಿ ಕಾಣಸಿಗದಿದ್ದರೂ ಇವನಿಲ್ಲದೆ ವಿಚಾರವು ಒಂದು ಹೆಜ್ಜೆಯೂ ಮುಂದೆ ಸಾಗದು. ಭಾರತದಲ್ಲಿರುವವನು ಎಂಬ ವಿಶೇಷಣವು ನಿರರ್ಥಕವಲ್ಲ. ಹೊರದೇಶದ ಪ್ರಯೋಗಶಾಲೆಯವನಿಗೆ ಹೇಳದೆ ತಿಳಿಯುವುದು ಇಲ್ಲಿನವನಿಗೆ ತಿಳಿಯದಿರಬಹುದು. ಅದನ್ನೂ ಬರೆಯಬೇಕೆಂಬುದು ಇದರ ಭಾವ.

ಹಕ್ಕುವಾಕ್ಯದ ಗುಣದೋಷಗಳನ್ನು ಅಳೆಯಲು ನೈಯಾಯಿಕರು ಲಕ್ಷಣಕ್ಕೆ ಹೇಳಿದ ಮೂರು ದೋಷಗಳಿಗಿಂತ ಉತ್ತಮವಾದ ಸಾಧನವು ಪಾಶ್ಚಾತ್ಯ ವಕೀಲರ ಗ್ರಂಥಗಳಲ್ಲಿಯೂ ಇಲ್ಲವೆನ್ನಬಹುದು. ಹಸುವೆಂದರೆ ಕಪಿಲವರ್ಣವುಳ್ಳದ್ದು ಎಂದರೆ ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಅತಿವ್ಯಾಪ್ತಿ. ಒಂಟಿಗೊರಸುಳ್ಳದ್ದು ಎಂದರೆ ಅಸಂಭವ. ಪೇಟೆಂಟಿನಲ್ಲಿ ಅವ್ಯಾಪ್ತಿಯಿಂದ ನಷ್ಟವು ಅರ್ಜಿದಾರನಿಗೇ. ಅವನ ಬೇಲಿಯ ಹೊರಗೆ ಉಳಿದುದನ್ನು ಎದುರಾಳಿಯು ಕೊಯ್ದುಕೊಳ್ಳುತ್ತಾನೆ. ಅಸಂಭವವೆಂದರೆ ಹೇಳಿದಂತೆ ಮಾಡಿದರೆ ವಸ್ತುವು ಸಿದ್ಧಿಸದಿರುವುದು. ಅತಿವ್ಯಾಪ್ತಿಯೇ ದೊಡ್ಡ ವ್ಯಾಜ್ಯಗಳಿಗೆಲ್ಲ ಬೀಜ. ಏಕೆಂದರೆ ಅದರಲ್ಲಿ ಬೋಧಿಸಿದುದು ಅಲ್ಪವೂ ಬಾಚಿದುದು ಬಹಳವೂ ಆಗಿರುತ್ತದೆ. ತಂತಿವಾರ್ತೆಯನ್ನು ಕಲ್ಪಿಸಿದ ಸಾಮುವೆಲ್ ಮೋರ್ಸನು ತನ್ನ ಎಂಟನೆಯ ಹಕ್ಕುವಾಕ್ಯದಲ್ಲಿ, ವಿದ್ಯುತ್ತಿನ ಕಾಂತಶಕ್ತಿಯಿಂದ ದೂರದಲ್ಲಿ ಅಕ್ಷರಗಳನ್ನು ಮೂಡಿಸುವ ಕ್ರಮವೆಲ್ಲವೂ, ಮುಂದೆ ಯಾರು ಯಾವ ಯಂತ್ರದಿಂದ ಸಾಧಿಸಿದರೂ, ತನ್ನದೆಂದು ಬರೆದನು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೮೫೪ರಲ್ಲಿ ಅವನ ಉಳಿದ ಹಕ್ಕುಗಳನ್ನು ಮನ್ನಿಸಿ ಈ ಒಂದನ್ನು ತಳ್ಳಿಹಾಕಿತು. ಮುಂದೆ ವಿದ್ಯುದ್ದೀಪದ ವಿವಾದವು ೧೮೯೫ರಲ್ಲಿ ಅದೇ ನ್ಯಾಯಾಲಯಕ್ಕೆ ಬಂದಿತು. ಸಾಯರ್ ಮತ್ತು ಮ್ಯಾನ್ ಎಂಬವರು ಕಾಗದವನ್ನು ಕರಿಕಿಟ್ಟು ಮಾಡಿ ದೀಪದ ಎಳೆಯಾಗಿ ಬಳಸಿದರು. ಹಕ್ಕನ್ನು ಮಾತ್ರ ನಾರುಳ್ಳ ಪದಾರ್ಥಗಳೆಲ್ಲವುಗಳ ಮೇಲೆ ಹೂಡಿದರು. ಎಡಿಸನ್ನನಾದರೋ ೬,೦೦೦ಕ್ಕೂ ಹೆಚ್ಚು ಸಸ್ಯಜಾತಿಗಳನ್ನು ಪರೀಕ್ಷಿಸಿ ಬಿದಿರಿನ ಮೂರು ಜಾತಿಗಳನ್ನು ಮಾತ್ರ ತಕ್ಕವೆಂದು ಕಂಡಿದ್ದನು. ನಾರಿನ ಪದಾರ್ಥಗಳಿಗೆಲ್ಲ ಸಾಮಾನ್ಯವಾದ ಆ ಗುಣವು ಯಾವುದೆಂದು ಹೇಳದೆ ಎಲ್ಲವನ್ನೂ ಕೇಳುವುದು ಸಲ್ಲದೆಂದು ನ್ಯಾಯಾಲಯವು ತೀರ್ಮಾನಿಸಿತು. ಒಂದು ಶತಮಾನಕ್ಕೂ ಮಿಕ್ಕು ಕಳೆದ ಬಳಿಕ, ೨೦೨೩ರ ಮೇ ತಿಂಗಳಿನಲ್ಲಿ, ರಕ್ತದ ಕೊಬ್ಬನ್ನು ತಗ್ಗಿಸುವ ಪ್ರತಿಕಾಯಗಳ ವ್ಯಾಜ್ಯದಲ್ಲಿ ಈ ಎರಡು ತೀರ್ಪುಗಳೇ ಮತ್ತೆ ಪ್ರಮಾಣವಾಗಿ ನಿಂತುವು. ಆಮ್ಜೆನ್ ಎಂಬ ಕಂಪನಿಯು ೨೬ ಪ್ರತಿಕಾಯಗಳ ಘಟನೆಯನ್ನು ಬರೆದು, ಅದೇ ಕೆಲಸವನ್ನು ಮಾಡುವ ಸಮಸ್ತ ಪ್ರತಿಕಾಯಗಳನ್ನೂ ತನ್ನದೆಂದಿತ್ತು. ಉಳಿದುವನ್ನು ಹುಡುಕಿಕೊಳ್ಳಲು ಅದು ತೋರಿಸಿದ ದಾರಿಯು ಮಾಡಿನೋಡು, ತಪ್ಪಿದರೆ ಮತ್ತೆ ಮಾಡು ಎಂಬುದಕ್ಕಿಂತ ಹೆಚ್ಚಿನದಲ್ಲವೆಂದು ನ್ಯಾಯಾಧೀಶರೆಲ್ಲರೂ ಏಕಮತದಿಂದ ಹೇಳಿದರು.

ಇಷ್ಟಾದರೂ, ಬರೆದಂತೆ ತೋರಿಸಿ ಬರೆಯದಿರುವ ಕಲೆಯು ಅಳಿದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರಕಾರವು ಜರ್ಮನರ ಪೇಟೆಂಟುಗಳನ್ನು ವಶಪಡಿಸಿಕೊಂಡಿತು. ೧೯೧೯ರಲ್ಲಿ ಕೆಮಿಕಲ್ ಫೌಂಡೇಶನ್ ಎಂಬ ಸಂಸ್ಥೆಗೆ ರಾಸಾಯನಿಕ ಪೇಟೆಂಟುಗಳು ಸಾವಿರಾರು ಸಂಖ್ಯೆಯಲ್ಲಿ ಸೇರಿದುವು. ವಿದ್ಯೆಯು ಕೈಸೇರಿತೆಂದು ಹಿಗ್ಗಿದವರು ಪತ್ರಗಳನ್ನು ಓದಿ ಬಣ್ಣಗಳನ್ನು ತಯಾರಿಸಹೊರಟಾಗ ಬರಹವು ನಡುದಾರಿಯಲ್ಲಿ ಕೈಬಿಟ್ಟಿತು. ಶಾಖವೆಷ್ಟು, ಒತ್ತಡವೆಷ್ಟು, ಪ್ರೇರಕದ್ರವ್ಯವನ್ನು ಅಣಿಮಾಡುವುದು ಹೇಗೆ ಎಂಬಂತಹ ಮರ್ಮಗಳು ಜರ್ಮನ್ ಕಾರ್ಖಾನೆಯವರ ತಲೆಯಲ್ಲಿಯೇ ಉಳಿದಿದ್ದುವು. ಡ್ಯೂಪಾಂಟ್ ಕಂಪನಿಯು ಕಡೆಗೆ ಜರ್ಮನ್ ರಸಾಯನಜ್ಞರನ್ನೇ ಹೆಚ್ಚಿನ ಸಂಬಳದ ಮೇಲೆ ಕರೆತರಬೇಕಾಯಿತು. ಪತ್ರದಿಂದ ಬಾರದ ವಿದ್ಯೆಯು ಪುನಃ ಗುರುಮುಖದಿಂದಲೇ ಬಂದಿತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಗೆಯಿದೆ. ಸಿಲ್ಡೆನಾಫಿಲ್ ಎಂಬ ಪ್ರಖ್ಯಾತವಾದ ಔಷಧದ ಕೆನಡಾ ದೇಶದ ಪೇಟೆಂಟಿನಲ್ಲಿ ಮೊದಲನೆಯ ಹಕ್ಕುವಾಕ್ಯವು ೨೬೦ರ ಮುಂದೆ ೧೮ ಸೊನ್ನೆಗಳನ್ನಿಟ್ಟಷ್ಟು ಸಂಯುಕ್ತಗಳನ್ನು ಒಳಗೊಂಡಿತ್ತು. ಮುಂದಿನ ವಾಕ್ಯಗಳು ಕ್ರಮವಾಗಿ ಕಿರಿದಾಗುತ್ತ ಬಂದು, ಕಡೆಯ ಎರಡು ಒಂದೊಂದೇ ಸಂಯುಕ್ತವನ್ನು ಹೇಳುತ್ತಿದ್ದುವು. ರೋಗಿಗಳಲ್ಲಿ ಪರೀಕ್ಷಿತವಾಗಿ ಫಲಕೊಟ್ಟುದು ಆ ಎರಡರಲ್ಲಿ ಒಂದೇ. ಅದಾವುದೆಂಬುದನ್ನು ಪತ್ರವು ಎಲ್ಲಿಯೂ ಹೇಳಲಿಲ್ಲ. ವಿಶೇಷವಾಗಿ ಮೆಚ್ಚಿದವುಗಳಲ್ಲಿ ಒಂದು ಫಲಕೊಟ್ಟಿತೆಂದಷ್ಟೇ ಬರೆದಿತ್ತು. ಸುಳ್ಳು ಎಲ್ಲಿಯೂ ಇಲ್ಲ. ಆದರೂ ಓದುವವನು ತಾನೇ ಪ್ರಯೋಗ ಮಾಡದೆ ನಿಜವನ್ನರಿಯನು. ಕೆನಡಾದ ಸರ್ವೋಚ್ಚ ನ್ಯಾಯಾಲಯವು ೨೦೧೨ರ ನವೆಂಬರಿನಲ್ಲಿ, ಸಾರ್ವಜನಿಕರು ಏಕಸ್ವಾಮ್ಯದ ಬೆಲೆಯನ್ನು ತೆತ್ತು ಒಗಟನ್ನು ಕೊಂಡುಕೊಳ್ಳಬೇಕಾದುದಿಲ್ಲವೆಂಬ ಭಾವದಿಂದ, ವಿವರಣೆಯು ಅಪೂರ್ಣವೆಂದು ನಿರ್ಣಯಿಸಿತು. ಕವಿಗೆ ಧ್ವನಿಯು ಭೂಷಣವಾದರೆ ಈ ಪತ್ರಗಳಲ್ಲಿ ಅದೇ ಅಪರಾಧವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಬೇಡ.

ಇಂತಹ ಮರೆಮಾಚುವಿಕೆಯನ್ನು ತಡೆಯಲೆಂದೇ ಅತ್ಯುತ್ತಮ ಕ್ರಮವನ್ನು ಹೇಳಬೇಕೆಂಬ ವಿಧಿಯಿರುವುದು. ಈ ವಿಷಯದಲ್ಲಿ ಅಮೆರಿಕದ ಈಗಿನ ಸ್ಥಿತಿಯು ವಿಚಿತ್ರವಾಗಿದೆ. ೨೦೧೧ರ ಶಾಸನವು ಈ ವಿಧಿಯನ್ನು ತೆಗೆದುಹಾಕದೆಯೇ, ಅದನ್ನು ಮೀರಿದುದಕ್ಕಾಗಿ ಪೇಟೆಂಟು ರದ್ದಾಗತಕ್ಕದ್ದಲ್ಲವೆಂದು ಗೊತ್ತುಮಾಡಿತು. ಪ್ರಾಯಶ್ಚಿತ್ತವಿಲ್ಲದ ವಿಧಿಯು ವಿಧಿಯೋ ಅರ್ಥವಾದವೋ ಎಂದು ಮೀಮಾಂಸಕನು ಕೇಳುವನು. ಭಾರತದ ಶಾಸನದಲ್ಲಿ ಈ ಲೋಪವು ರದ್ದತಿಗೆ ಕಾರಣವಾಗಿ ಇಂದಿಗೂ ಉಳಿದಿದೆ. ಇದು ಮೆಚ್ಚತಕ್ಕ ವಿಷಯ.

ಶಬ್ದವು ಸರ್ವಥಾ ಸೋಲುವ ಸ್ಥಳವೊಂದುಂಟು. ಮಣ್ಣಿನಿಂದ ಬೇರ್ಪಡಿಸಿದ ಒಂದು ಸೂಕ್ಷ್ಮಜೀವಿಯನ್ನು ಎಷ್ಟು ಪುಟ ವರ್ಣಿಸಿದರೂ ಓದಿದವನು ಅದನ್ನು ಮಾಡಲಾರನು. ಇದಕ್ಕಾಗಿ ೧೯೭೭ರ ಬುಡಾಪೆಸ್ಟ್ ಒಪ್ಪಂದವು, ಆ ಜೀವಿಯನ್ನೇ ಮಾನ್ಯವಾದ ಭಂಡಾರವೊಂದರಲ್ಲಿ ಠೇವಣಿಯಿಟ್ಟರೆ ಸಾಕೆಂದು ಏರ್ಪಡಿಸಿತು. ಭಾರತವು ೨೦೦೧ರಲ್ಲಿ ಇದನ್ನು ಸೇರಿತು. ಚಂಡೀಗಢ ಮತ್ತು ಪುಣೆಗಳಲ್ಲಿ ಇಂತಹ ಭಂಡಾರಗಳಿವೆ. ಅಲ್ಲಿ ವಸ್ತುವೇ ವಾಕ್ಯದ ಸ್ಥಾನದ್ದಾಗಿದೆ.

ಇದುವರೆಗೆ ಹೇಳಿದುದು ಉಪಜ್ಞೆಯ ಪ್ರಕಟನೆ. ಉಪಜ್ಞೆಯು ಎಲ್ಲಿಂದ ಬಂದಿತೆಂಬುದರ ಪ್ರಕಟನೆಯು ಈಚಿನ ದಶಕಗಳಲ್ಲಿ ಸೇರಿದ ಹೊಸ ವಿಧಿ. ಇದರ ಹುಟ್ಟಿಗೆ ಅರಸಿನವು ಮುಖ್ಯ ಕಾರಣಗಳಲ್ಲೊಂದು. ಅರಸಿನದ ಪುಡಿಯಿಂದ ಗಾಯವನ್ನು ಮಾಯಿಸುವುದು ಹೊಸ ಉಪಜ್ಞೆಯೆಂದು ಅಮೆರಿಕದಲ್ಲಿ ೧೯೯೫ರಲ್ಲಿ ಪೇಟೆಂಟು ದೊರೆಯಿತು. ನಮ್ಮ ಅಜ್ಜಿಯರು ಕೇಳಿದ್ದರೆ ನಗುತ್ತಿದ್ದರು. ಆದರೆ ಅಂದಿನ ಅಮೆರಿಕದ ಶಾಸನದಲ್ಲಿ ಹೊರದೇಶದ ಬಳಕೆಯು, ಅಚ್ಚಾಗಿರದ ಪಕ್ಷದಲ್ಲಿ, ಪ್ರಮಾಣವಾಗುತ್ತಿರಲಿಲ್ಲ. ಕೋಟಿ ಮನೆಗಳ ಆಚಾರಕ್ಕಿಂತ ಒಂದು ಹಾಳೆಯ ಮುದ್ರಣವು ಹೆಚ್ಚಿನದಾಗಿತ್ತು. ಭಾರತದ ವೈಜ್ಞಾನಿಕ ಹಾಗೂ ಕೈಗಾರಿಕಾ ಸಂಶೋಧನಾ ಪರಿಷತ್ತು ೧೯೯೬ರಲ್ಲಿ ೩೨ ಆಧಾರಗಳನ್ನು ಒಡ್ಡಿತು. ಅವುಗಳಲ್ಲಿ ಸಂಸ್ಕೃತ ಗ್ರಂಥಗಳೂ, ಭಾರತೀಯ ವೈದ್ಯಸಂಘದ ಪತ್ರಿಕೆಯಲ್ಲಿ ೧೯೫೩ರಲ್ಲಿ ಅಚ್ಚಾದ ಲೇಖನವೂ ಸೇರಿದ್ದುವು. ೧೯೯೭ರಲ್ಲಿ ಹಕ್ಕುವಾಕ್ಯಗಳೆಲ್ಲವೂ ಬಿದ್ದುವು. ಬೇವಿನೆಣ್ಣೆಯಿಂದ ಬೆಳೆಗಳ ಶಿಲೀಂಧ್ರರೋಗವನ್ನು ತಡೆಯುವ ಕ್ರಮಕ್ಕೆ ಯೂರೋಪಿನಲ್ಲಿ ೧೯೯೪ರಲ್ಲಿ ಕೊಟ್ಟ ಪೇಟೆಂಟು ೨೦೦೦ದಲ್ಲಿ ರದ್ದಾಗಿ, ಅಪೀಲು ೨೦೦೫ರಲ್ಲಿ ವಜಾ ಆಯಿತು. ೨೦೦೧ರಲ್ಲಿ ಮೊದಲಾದ ಪರಂಪರಾಜ್ಞಾನದ ಸಂಗ್ರಹವು ಸಂಸ್ಕೃತ, ತಮಿಳು, ಅರಬ್ಬಿ, ಪಾರಸಿ, ಉರ್ದು ಗ್ರಂಥಗಳ ಯೋಗಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನೀ ಭಾಷೆಗಳಿಗೆ ಇಳಿಸಿ ಪೇಟೆಂಟು ಪರೀಕ್ಷಕರ ಮುಂದಿಡುತ್ತದೆ.

ಭಾರತದ ಶಾಸನವು ೨೦೦೨ರ ತಿದ್ದುಪಡಿಯಿಂದ, ಉಪಜ್ಞೆಯಲ್ಲಿ ಬಳಸಿದ ಜೈವಿಕಪದಾರ್ಥದ ಮೂಲವನ್ನೂ ಅದು ದೊರೆತ ಪ್ರದೇಶವನ್ನೂ ವಿವರಣಪತ್ರದಲ್ಲಿ ಹೇಳಬೇಕೆಂದು ವಿಧಿಸಿತು. ಹೇಳದಿದ್ದರೂ ತಪ್ಪಾಗಿ ಹೇಳಿದರೂ ಅದು ವಿರೋಧಕ್ಕೂ ರದ್ದತಿಗೂ ಕಾರಣವಾಗುತ್ತದೆ. ಯಾವುದೇ ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಿಂದ ಬಂದ ಜ್ಞಾನವೂ ಉಪಜ್ಞೆಯ ಹೊಸತನವನ್ನು ಕಳೆಯುತ್ತದೆಂದು ಒಪ್ಪಿರುವುದು ಇದೇ ತಿದ್ದುಪಡಿಯ ಇನ್ನೊಂದು ದೊಡ್ಡ ಗುಣ. ಅದೇ ವರ್ಷದ ಜೀವವೈವಿಧ್ಯ ಶಾಸನವು ಚೆನ್ನೈಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಅನುಮತಿಯನ್ನೂ ಸೇರಿಸಿತು. ೨೦೨೩ರ ತಿದ್ದುಪಡಿಯು ಸ್ವದೇಶೀಯರಿಗೆ ಅದನ್ನು ಸಡಿಲಿಸಿ ಪೇಟೆಂಟು ದೊರೆಯುವ ಮುನ್ನ ನೋಂದಣಿ ಮಾಡಿಸಿದರೆ ಸಾಕೆಂದಿದೆ. ಜಿನೀವಾ ನಗರದಲ್ಲಿ ೨೦೨೪ರ ಮೇ ೨೪ರಂದು ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದವು ಈ ಮೂಲಪ್ರಕಟನೆಯನ್ನು ಲೋಕಕ್ಕೆಲ್ಲ ವಿಸ್ತರಿಸಲು ಹೊರಟಿದೆ. ಆದರೆ ವಂಚನೆಯ ಉದ್ದೇಶವಿಲ್ಲದಲ್ಲಿ, ಮೂಲವನ್ನು ಹೇಳಲಿಲ್ಲವೆಂಬ ಒಂದೇ ಕಾರಣದಿಂದ ಪೇಟೆಂಟನ್ನು ರದ್ದುಗೊಳಿಸಬಾರದೆಂದು ಅದು ತನ್ನ ಕೈಯನ್ನು ತಾನೇ ಕಟ್ಟಿಕೊಂಡಿದೆ.

ಕಡೆಗೆ ಭಾಷೆಯ ಪ್ರಶ್ನೆ ಉಳಿಯುತ್ತದೆ. ಅರ್ಜಿಯು ಸಲ್ಲಿದ ೧೮ ತಿಂಗಳ ಬಳಿಕ ವಿವರಣಪತ್ರವು ಎಲ್ಲರಿಗೂ ಪ್ರಕಟವಾಗುತ್ತದೆ. ಆದರೆ ಭಾರತದ ಪೇಟೆಂಟು ನಿಯಮಗಳ ಪ್ರಕಾರ ಪತ್ರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕರ್ನಾಟಕದವರ ಅರ್ಜಿಗಳು ಚೆನ್ನೈಯ ಶಾಖೆಗೆ ಹೋಗುತ್ತವೆ. ಕನ್ನಡದ ವಿವರಣಪತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಶಾಸನವು ಕಲ್ಪಿಸಿದ, ಭಾರತದಲ್ಲಿರುವ, ಸಾಧಾರಣ ನೈಪುಣ್ಯದ ಆ ಕಸುಬುದಾರನು ಕನ್ನಡವೊಂದನ್ನೇ ಬಲ್ಲ ಬಡಗಿಯೋ ನೇಯಿಗೆಯವನೋ ಎರಕದವನೋ ಆಗಿದ್ದರೆ, ಅವನಿಗಾಗಿ ತೆರೆದಿಟ್ಟ ಓಲೆಯು ಅವನಿಗೆ ಮುಚ್ಚಿದ ಓಲೆಯೇ ಸರಿ. ಅವಧಿ ತೀರಿದ ಪೇಟೆಂಟುಗಳ ವಿದ್ಯೆಯನ್ನು ಬಳಸಲು ಯಾರ ಅಪ್ಪಣೆಯೂ ಬೇಡವೆಂಬ ಸಂಗತಿಯೂ ಅವನ ಕಿವಿಗೆ ಬೀಳುವುದಿಲ್ಲ.

ವಿಪರ್ಯಾಸವೆಂದರೆ, ಕನ್ನಡದಲ್ಲಿ ಮೊದಲೇ ಹೇಳಿಟ್ಟಿರುವ ವಿದ್ಯೆಯು ಮಾತ್ರ ಪೇಟೆಂಟಿಗೆ ಪೂರ್ಣವಾದ ಪ್ರತಿಬಂಧಕವಾಗುತ್ತದೆ. ಪೂರ್ವಪ್ರಕಟನೆಯು ಯಾವ ಭಾಷೆಯಲ್ಲಿದ್ದರೂ ಪ್ರಮಾಣವೇ. ೧೪ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯದ ಯೋಗಗಳನ್ನು ಪದ್ಯರೂಪದಲ್ಲಿ ಹೇಳುತ್ತದೆ. ಕೀರ್ತಿವರ್ಮನ ಗೋವೈದ್ಯವು ಅದಕ್ಕೂ ಹಿಂದಿನದು. ಇಂತಹ ಗ್ರಂಥವನ್ನು ಆಧಾರವಾಗಿ ತರುವ ವಿರೋಧಿಯು ಅದರ ದೃಢೀಕೃತವಾದ ಇಂಗ್ಲಿಷ್ ಭಾಷಾಂತರವನ್ನು ಒಪ್ಪಿಸಬೇಕು. ಆ ಭಾಷಾಂತರವನ್ನು ಮಾಡತಕ್ಕವರು ವಕೀಲರಲ್ಲ. ಪದ್ಯದಲ್ಲಿ ಬಂದ ಮೂಲಿಕೆಯ ಹೆಸರು ಯಾವ ಗಿಡವನ್ನು ಹೇಳುತ್ತದೆ, ಒಂದೇ ಹೆಸರಿಗೆ ಮಲೆನಾಡಿನಲ್ಲಿ ಒಂದು ಗಿಡವೂ ಬಯಲುಸೀಮೆಯಲ್ಲಿ ಇನ್ನೊಂದೂ ಇದ್ದರೆ ಕವಿಯ ಅಭಿಪ್ರಾಯವಾವುದು, ಪ್ರತಿಗಳಲ್ಲಿ ಪಾಠಭೇದವಿದ್ದರೆ ಯಾವುದು ಗ್ರಾಹ್ಯ, ಪ್ರಾಸಕ್ಕಾಗಿ ಹೇಳಿದುದೆಷ್ಟು, ಪ್ರಮಾಣಕ್ಕಾಗಿ ಹೇಳಿದುದೆಷ್ಟು ಎಂಬಿವನ್ನು ಗೊತ್ತುಮಾಡಬೇಕಾದವರು ಗ್ರಂಥಸಂಪಾದನೆಯಲ್ಲಿ ಪಳಗಿದ ಕನ್ನಡ ವಿದ್ವಾಂಸರು, ಮತ್ತು ಅವರ ಪಕ್ಕದಲ್ಲಿ ಕುಳಿತು ಗಿಡವನ್ನು ಕಿತ್ತು ತೋರಿಸಬಲ್ಲ ನಾಟಿವೈದ್ಯರು.